ಸ್ಮಾರ್ಟ್ ಬಿಲ್ಡಿಂಗಿಗೆ ಸೆನ್ಸರ್ ಐತಿ, ನಮ್ಮ ಕೇರಿ ಮನಿಗೆ ಕಿಡಕಿನೂ ಇಲ್ಲ



ಪೋಸ್ಟ್ ಉದ್ದ ಐತಿ, ಪೂರ್ತಿ ಓದ್ರಿ. ಓದಿದ ಮ್ಯಾಲೆ ಬೈಯೋದಿದ್ರ ಬೈರಿ.

ಇತ್ತೀಚೆಗೆ ಒಂದು ತರಬೇತಿಗೆ ನನ್ನನ್ನ ಕಳಿಸಿದ್ರು. ವಿಷಯ: ಇಂಧನ ಉಳಿಸುವ ಬುದ್ಧಿವಂತ ಕಟ್ಟಡಗಳು. ಕಲಿಯಾಕಂತ ಕಳಿಸಿದ್ದಲ್ಲ, ಹಾಜರಿ ಹಾಳಿ ಮ್ಯಾಲೆ ಸಹಿ ತಗೊಳ್ಳಾಕ, ಚಹಾ-ನಾಷ್ಟಾದ ಲೆಕ್ಕ ಇಡಾಕ. ಆದ್ರೂ ಹಿಂದ ಕುಂತು ಎಲ್ಲಾ ಕೇಳಿದೆ. ಮನುಷ್ಯ ಒಳಗ ಬಂದ್ರ ದೀಪ ತಾನೇ ಹತ್ತತೈತಂತ, ಹೊರಗ ಹೋದ್ರ ತಾನೇ ಆರತೈತಂತ. ಬಿಸಿಲು ಜೋರಾದ್ರ ಕಿಡಕಿ ಪರದೆ ತಾನೇ ಇಳೀತೈತಂತ. ಒಳಗಿನ ಗಾಳಿ ಕೆಟ್ಟೈತಿ ಅಂತ ಸೆನ್ಸರ್ ಹೇಳಿದ್ರ ಹೊಸ ಗಾಳಿ ಒಳಗ ಬರತೈತಂತ.

ಕೊನೆಗೆ ಪ್ರಶ್ನೆ ಇದ್ರ ಕೇಳ್ರಿ ಅಂದ್ರು. ಎದ್ದು ನಿಂತು ಕೇಳಿದೆ: “ಸರ್, ಇಪ್ಪತ್ತು-ಮೂವತ್ತರ ಆಶ್ರಯ ಮನಿಗೆ ಇದರಾಗ ಏನರ ಐತೇನ್ರಿ?”

ಸಾಹೇಬ್ರು ನಕ್ಕು ಹೇಳಿದ್ರು: “ಅದು ಈ ಕೆಟಗರಿಯಲ್ಲಿ ಬರೋದಿಲ್ಲ.”

ಸಭೆ ನಕ್ಕಿತು. ನಾನೂ ನಕ್ಕೆ, ನೌಕರಿ ಮಾಡಬೇಕಲ್ರಿ. ಮನಿಗೆ ಬಂದ ಮ್ಯಾಲೆ ನಗಿ ಬರಲಿಲ್ಲ. ಕೆಟಗರಿ ಅನ್ನೋ ಮಾತು ನಮಗೇನ ಹೊಸದಲ್ಲ. ಆದ್ರ ಬಿಸಿಲಿಗೂ ಕೆಟಗರಿ ಐತಿ ಅಂತ ಅವತ್ತೇ ಗೊತ್ತಾಗಿದ್ದು.

ಆ ಸಾಹೇಬ್ರು ಸುಳ್ಳು ಹೇಳಿರಲಿಲ್ಲ. ಆಮೇಲೆ ಹುಡುಕಿ ಓದಿದೆ, ನಿಯಮನೇ ಹಂಗೈತಿ. ಕೇಂದ್ರದ ಇಂಧನ ಸಂರಕ್ಷಣಾ ಕಾಯ್ದೆ ಬಂದಿದ್ದು 2001ರಲ್ಲಿ. ಅದರಡಿ ವಾಣಿಜ್ಯ ಕಟ್ಟಡಗಳಿಗೆ 2007ರಲ್ಲಿ ಒಂದು ಸಂಹಿತೆ ಬಂತು, 2017ರಲ್ಲಿ ಅದನ್ನು ಪರಿಷ್ಕರಿಸಿದರು. ಅದು ಅನ್ವಯ ಆಗೋದು 100 ಕಿಲೋವ್ಯಾಟ್ ಮತ್ತು ಅದಕ್ಕಿಂತ ಹೆಚ್ಚು ವಿದ್ಯುತ್ ಸಂಪರ್ಕ ಇರುವ ಕಟ್ಟಡಗಳಿಗೆ. ವಾಸದ ಮನೆಗಳಿಗೆ 2018ರ ಡಿಸೆಂಬರ್‌ನಲ್ಲಿ ಇಕೋ ನಿವಾಸ್ ಸಂಹಿತಾ ಬಂತು. ಗೋಡೆ, ಕಿಟಕಿ, ಚಾವಣಿ ಹೇಗಿದ್ದರೆ ಮನೆ ತಂಪಾಗಿರುತ್ತದೆ ಅನ್ನೋದನ್ನ ಅದರಲ್ಲಿ ಲೆಕ್ಕ ಹಾಕಿ ಬರೆದಿದ್ದಾರೆ. ಒಳ್ಳೆಯ ಕೆಲಸ, ಇಲ್ಲ ಅನ್ನೋದಿಲ್ಲ. ಆದರೆ ಅದು ಯಾರಿಗೆ? 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಜಾಗದಲ್ಲಿ ಕಟ್ಟುವವರಿಗೆ.

500 ಚದರ ಮೀಟರ್ ಅಂದ್ರ ಸುಮಾರು 5,380 ಚದರ ಅಡಿ. ನಮ್ಮ 20×30 ಸೈಟು 600 ಚದರ ಅಡಿ. ಒಂಬತ್ತು ಸೈಟು ಕೂಡಿಸಿದ್ರ ಕಾಯ್ದೆ ಕಣ್ಣಿಗೆ ಒಂದು ಮನಿ ಕಾಣತೈತಿ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಹಳ್ಳಿ ಮನೆಗೆ ಹೇಳಿರುವ ಕನಿಷ್ಠ ಅಳತೆ 25 ಚದರ ಮೀಟರ್, ಅಡುಗಿ ಜಾಗ ಸೇರಿ. ಬಯಲು ಸೀಮೆಗೆ ಕೇಂದ್ರದ ಲೆಕ್ಕದ ಸಹಾಯಧನ 1 ಲಕ್ಷ 20 ಸಾವಿರ. ಅದೇ ಸರ್ಕಾರ 500 ಮೀಟರಿನವರಿಗೆ ಮನಿ ತಂಪಿರಲಿ ಅಂತ ನಿಯಮ ಮಾಡತೈತಿ, 25 ಮೀಟರಿನವರಿಗೆ ಸ್ಲ್ಯಾಬ್ ಬಿತ್ತಾ, ಫೋಟೋ ತಗಸ್ಕೋ, ಮುಂದಿನ ಕಂತು ತಗೋ ಅಂತೈತಿ.

ಮುಂಡರಗಿ ತಾಲೂಕಿನ ಒಂದು ಹಳ್ಳ್ಯಾಗ ನಮ್ಮ ಅಕ್ಕನ ಮನಿ ಐತಿ. ಯೋಜನೆ ಮನಿ. ಒಂದು ಕೋಣಿ, ಮೂಲ್ಯಾಗ ಒಲಿ, ಮ್ಯಾಲೆ ನಾಲ್ಕು ಇಂಚಿನ ಸ್ಲ್ಯಾಬ್. ಎರಡೂ ಬಾಜು ಮಂದಿ ಗೋಡಿ, ಹಿಂದನೂ ಗೋಡಿ. ಬಾಗಲದಾಗ ಬಂದ ಗಾಳಿ ಬಾಗಲದಾಗ ಹೋಗಬೇಕು. ಏಪ್ರಿಲ್-ಮೇ ತಿಂಗಳಾಗ ನಮ್ಮ ಕಡೆ ಬಿಸಿಲು 40 ಡಿಗ್ರಿ ಹತ್ತಿರ ಹೋಗತೈತಿ. ನೆಲಮಟ್ಟದ ಒಂಟಿ ಅಂತಸ್ತಿನ ಮನೆಗೆ ಹೆಚ್ಚಿನ ಶಾಖ ಬರೋದು ಚಾವಣಿಯಿಂದ. ಮೇಲೆ ಏನೂ ಹೊದಿಸದ ಬರೀ ಕಾಂಕ್ರೀಟ್ ಸ್ಲ್ಯಾಬು ಇಕೋ ನಿವಾಸ್ ಸಂಹಿತೆ ಚಾವಣಿಗೆ ಹಾಕಿದ ಮಿತಿಯ ಎರಡು ಪಟ್ಟಿಗೂ ಹೆಚ್ಚು ಶಾಖವನ್ನು ಒಳಗೆ ಬಿಡುತ್ತದೆ. ಅಷ್ಟೇ ಅಲ್ಲ, ಕಾಂಕ್ರೀಟು ಹಗಲೆಲ್ಲಾ ಕುಡಿದ ಬಿಸಿಲನ್ನ ರಾತ್ರಿ ಉಗುಳತೈತಿ. ಸೂರ್ಯ ಮುಳುಗಿ ಹೊರಗ ತಂಪಾದ ಮ್ಯಾಲೂ ಮನಿ ಒಳಗ ಹಂಚು ಕಾದಂಗ ಇರತೈತಿ.

ಗಂಡಸರು ಕಟ್ಟಿ ಮ್ಯಾಲೆ, ಗುಡಿ ಮುಂದ, ರಸ್ತೆದಾಗ ಮಲಗ್ತಾರ. ಹೆಣ್ಮಕ್ಕಳು ಎಲ್ಲಿ ಮಲಗಬೇಕ್ರಿ? ಅಕ್ಕನ ಮಗಳು ಎಸ್ಸೆಸ್ಸೆಲ್ಸಿ ಪರೀಕ್ಷಾ ಬರದದ್ದು ಅದೇ ಕೋಣ್ಯಾಗ ಓದಿ. ಪರೀಕ್ಷೆ ಬರೋದು ಮಾರ್ಚ್-ಏಪ್ರಿಲ್‌ನಾಗ. ರಾತ್ರಿ ಒದ್ದಿ ಟವೆಲ್ ತಲಿ ಮ್ಯಾಲೆ ಹಾಕ್ಕೊಂಡು ಓದ್ತಿದ್ಲು. ಮಾರ್ಕ್ಸ್ ಕಡಿಮಿ ಬಂದ್ರ ‘ಅವರ ಮಕ್ಕಳಿಗೆ ಓದು ಹತ್ತೂದಿಲ್ಲ’ ಅಂತಾರಲ್ಲ, ಅಂತಾ ಮೆರಿಟ್ ಮಂದಿ ಒಂದು ರಾತ್ರಿ ಆ ಸ್ಲ್ಯಾಬಿನ ಕೆಳಗ ಮಲಗಿ ನೋಡಲಿ.

ಹಿಂದಿನ ಮಂದಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ನಮ್ಮ ಸೀಮಿಯ ಮಾಳಿಗಿ ಮನಿ ನೋಡ್ರಿ. ದಪ್ಪ ಮಣ್ಣಿನ ಗೋಡಿ, ಜಂತಿ ಮ್ಯಾಲೆ ಮಣ್ಣಿನ ಮಾಳಿಗಿ, ನಡುವ ಬೆಳಕಿಂಡಿ. ಬಿಸಿ ಮ್ಯಾಲೆ ಏರಿ ಬೆಳಕಿಂಡ್ಯಾಗ ಹೋಗತೈತಿ. ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ ಒಳಗ ಹೋಗಿ ನಿಂತ್ರ ಬ್ಯಾಸಗ್ಯಾಗೂ ಕಾಲಿಗೆ ತಂಪು ಹತ್ತತೈತಿ. ಸೆನ್ಸರ್ ಇಲ್ಲದ ಬುದ್ಧಿವಂತ ಕಟ್ಟಡಗಳು ಇವು. ಆದ್ರ ದಪ್ಪ ಗೋಡಿಗೆ ಜಾಗ ಬೇಕು, ಜಂತಿಗೆ ಕಟ್ಟಗಿ ಬೇಕು, ಬೆಳಕಿಂಡಿಗೆ ದೊಡ್ಡ ಪಡಸಾಲಿ ಬೇಕು. ಮಣ್ಣು ಹೊತ್ತವರು, ಕಲ್ಲು ಎಳೆದವರು ನಾವಿದ್ರೂ ತಂಪು ಮಾತ್ರ ನಮ್ಮದಾಗಲಿಲ್ಲ. ನಮ್ಮದು ಗುಡಿಸಲ, ಆಮ್ಯಾಲೆ ಪತ್ರಾಸ್ ಶೆಡ್ಡು, ಆಮ್ಯಾಲೆ ಈ ಸ್ಲ್ಯಾಬು. ಮಳಿಗೆ ಸೋರೋದು ನಿಂತೈತಿ ಅನ್ನೋದು ನಿಜ, ಅದಕ್ಕ ಹೋರಾಟ ಮಾಡಿದವರಿಗೆ ಶರಣು. ಈಗ ಮುಂದಿನ ಮಾತು ಕೇಳಬೇಕಲ್ಲ.

ಮನಿ ಒಂದೇ ಬುದ್ಧಿವಂತ ಆದ್ರ ಸಾಲದು. ಮನಿ ಎಲ್ಲೈತಿ ಅನ್ನೋದರ ಮ್ಯಾಲೆ ಎಲ್ಲಾ ನಿಂತೈತಿ. ಅದಕ್ಕೇ ನಗರ ಯೋಜನೆ ಅನ್ನೋದು.

ಹಿಂದೂ ಹಳ್ಳಿಯಲ್ಲಿ ಅಸ್ಪೃಶ್ಯರಿಗೆ ಹಾಕಿದ್ದ ಕಟ್ಟಳೆಗಳನ್ನು ಬಾಬಾಸಾಹೇಬರು ಪಟ್ಟಿ ಮಾಡಿ ಬರೆದಿದ್ದಾರೆ. ಅದರಲ್ಲಿ ಒಂದು, ಅವರು ಊರಿನಿಂದ ಬೇರೆಯಾಗಿ ಇರಬೇಕು. ಇನ್ನೊಂದು, ಆ ಜಾಗ ದಕ್ಷಿಣಕ್ಕಿರಬೇಕು, ಯಾಕಂದ್ರ ದಕ್ಷಿಣ ಅಶುಭ ದಿಕ್ಕು. ನಾನು ಅದನ್ನ ಈ ದೇಶದ ಮೊದಲ ಟೌನ್ ಪ್ಲ್ಯಾನಿಂಗ್ ಅಂತೀನಿ. ಯಾರಿಗೆ ಬಾವಿ ಹತ್ತಿರ, ಯಾರಿಗೆ ಗಿಡದ ನೆರಳು, ಯಾರಿಗೆ ತಿಪ್ಪಿ ವಾಸನಿ, ಎಲ್ಲಾ ಮೊದಲೇ ನಕ್ಷೆ ಆಗಿತ್ತು. ಕಾಗದದ ಮ್ಯಾಲೆ ಇರಲಿಲ್ಲ ಅಷ್ಟೇ.

1961ರಲ್ಲಿ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಬಂತು. ನಕ್ಷೆಗೆ ಬಣ್ಣ ಬಂತು. ಹಳದಿ ವಸತಿ, ಹಸಿರು ಉದ್ಯಾನ. ಆದ್ರ ಬಡವರಿಗೆ ಮನಿ ಅಂದಾಗ ಜಾಗ ಎಲ್ಲಿ ಸಿಗತೈತಿ? ಸರ್ಕಾರಿ ಜಮೀನು ಎಲ್ಲಿ ಉಳಿದೈತೋ ಅಲ್ಲಿ. ಊರಿನಿಂದ ಮೂರು-ನಾಲ್ಕು ಕಿಲೋಮೀಟರ್ ಹೊರಗ, ಹಳ್ಳದ ದಂಡಿಗೆ, ಮಸಣದ ಬಾಜು, ಕಸ ಹಾಕೋ ಜಾಗದ ಆಚೆ. ಅಲ್ಲಿ ಒಂದು ಗಿಡ ಇರೋದಿಲ್ಲ. ಹೊಸ ಎನ್.ಎ. ಪ್ಲಾಟಿನ ಬಡಾವಣಿಗೆ ಅಗಲ ರಸ್ತಾ, ಗಾರ್ಡನ್ ಜಾಗ ಬಿಡಬೇಕು ಅಂತ ನಿಯಮ ಐತಿ. ಕೇರಿಗೆ ಮತ್ತು ನಾವು ‘ಸ್ಲಂ’ ಅಂತ ಕರೆಸ್ಕೊಳ್ಳೋ ಓಣಿಗೆ ಆ ನಿಯಮ ಹಚ್ಚಿ ನೋಡಿದವರು ಯಾರು? ನಮಗೆ ಇರೋ ಕಾಯ್ದೆ 1973ರದ್ದು, ಹೆಸರೇ ಕೊಳಚೆ ಪ್ರದೇಶ ಕಾಯ್ದೆ. ಕೊಳಚಿ ಮಾಡಿದವರು ಬ್ಯಾರೆ, ಹೆಸರು ನಮಗ.

ಗಿಡ, ಅಗಲ ರಸ್ತಾ, ಕೆರಿ ದಂಡಿ ಇವು ಬರೀ ಚಂದಕ್ಕಲ್ಲ. ಗಿಡದ ನೆರಳು ನೆಲ ಕಾಯೋದನ್ನ ತಪ್ಪಿಸತೈತಿ, ಎಲಿ ಬಿಡೋ ತೇವ ಗಾಳಿ ತಂಪು ಮಾಡತೈತಿ. ಗಿಡ ಇಲ್ಲದ ಓಣ್ಯಾಗ ಸಿಮೆಂಟು, ತಗಡು ಎಲ್ಲಾ ಕೂಡಿ ರಾತ್ರಿ ಪೂರಾ ಕಾವು ಬಿಡ್ತಾವ. ಒಂದೇ ಗದಗ-ಬೆಟಗೇರಿ, ಒಂದೇ ಸೂರ್ಯ. ಆದ್ರ ಮಧ್ಯರಾತ್ರಿ ಎರಡು ಓಣ್ಯಾಗ ನಿಂತು ನೋಡ್ರಿ, ಕಾವು ಎರಡು ನಮೂನಿ. ನೀರು ಎಷ್ಟು ದಿನಕ್ಕೊಮ್ಮೆ ಬರತೈತಿ ಅಂತ ಗದುಗಿನವರಿಗೆ ನಾನು ಹೇಳಬೇಕಾಗಿಲ್ಲ. ಕೂಲರಿಗೆ ಹಾಕಾಕ ನೀರು ಎಲ್ಲಿಂದ ತರೋದು?

ಈಗ ಆಫೀಸಿನ ಮಾತು. ನಮ್ಮ ಜಿಲ್ಲಾ ಆಗಿದ್ದು 1997ರಲ್ಲಿ. ಲಕ್ಷ್ಮೇಶ್ವರನೂ ಶಿರಹಟ್ಟಿಯಿಂದ ಬ್ಯಾರೆ ಆಗಿ ತಾಲೂಕಾಯ್ತು. ಜಿಲ್ಲಾ, ತಾಲೂಕು ಆದ್ವು ಅಂದ್ರ ಕಚೇರಿ, ಬಡಾವಣಿ ಏಳ್ತಾವ. ನಾನು ಕೆಲಸ ಮಾಡಿದ ಒಂದು ಕಟ್ಟಡ, ಯಾವುದು ಅಂತ ಬ್ಯಾಡ, ಪಶ್ಚಿಮಕ್ಕ ಪೂರ್ತಿ ಗಾಜು, ತೆರಿಯಾಕ ಬರೂದಿಲ್ಲ. ಮೂರು ಗಂಟೆಯಿಂದ ಬಿಸಿಲು ಒಳಗ ಸುರೀತಿತ್ತು. ಬಿಸಿಲು ತಡಿಯಾಕ ಪರದಿ ಹಾಕಿ, ಕತ್ತಲಾತು ಅಂತ ಹಾಡಹಗಲೇ ಟ್ಯೂಬ್‌ಲೈಟ್ ಹಚ್ಚಿ, ಸಾಹೇಬ್ರ ಚೇಂಬರಿಗೆ ಏಸಿ, ನಮಗ ತಿರುಗದ ಫ್ಯಾನು. ಎದುರಿಗೆ ಬೇವಿನ ಗಿಡ ಇತ್ತು, ಗಾಡಿ ನಿಲ್ಲಿಸಾಕ ಕಡಿದ್ರು. ಇಂಥಾ ಕಟ್ಟಡಕ್ಕ ನಾಳೆ ನಾಲ್ಕು ಸೆನ್ಸರ್ ಹಚ್ಚಿ ಬುದ್ಧಿವಂತ ಅಂತ ಬೋರ್ಡ್ ಹಾಕಬಹುದು. ಕಟ್ಟೋ ಮೊದಲೇ ಬುದ್ಧಿ ಇದ್ದಿದ್ರ ಸೆನ್ಸರಿನ ಅರ್ಧ ಕೆಲಸ ಇರ್ತಿರಲಿಲ್ಲ. ಉತ್ತರ-ದಕ್ಷಿಣಕ್ಕ ಕಿಡಕಿ, ಪಶ್ಚಿಮಕ್ಕ ದಪ್ಪ ಗೋಡಿ, ಕಿಡಕಿ ಮ್ಯಾಲೆ ಛಜ್ಜಾ, ಒಂದು ಬೇವಿನ ಗಿಡ.

ಇನ್ನೊಂದು ಮಾತೈತಿ. ಹಸಿರು ಕಟ್ಟಡಕ್ಕ ಅಂಕ ಕೊಡುವಾಗ ಕೊಳಚೆ ನೀರು ಶುದ್ಧ ಮಾಡಿ ಮರುಬಳಕೆ ಮಾಡಿದ್ರ ಅಂಕ ಕೊಡ್ತಾರ. ಆ ಶುದ್ಧೀಕರಣ ಘಟಕದ ಗುಂಡಿ ಕಟ್ಟಿಕೊಂಡ್ರ ಯಾರು ಇಳೀತಾರ? 2018ರ ಜನವರಿಯಲ್ಲಿ ಬೆಂಗಳೂರಿನ ಎಚ್‌ಎಸ್‌ಆರ್ ಬಡಾವಣೆ ಕಡೆ ಒಂದು ಅಪಾರ್ಟ್‌ಮೆಂಟಿನ ಘಟಕದಲ್ಲಿ ಮೂರು ಮಂದಿ ಉಸಿರುಗಟ್ಟಿ ಸತ್ತರು. ಮಲ ಹೊರುವ ಪದ್ಧತಿ ನಿಷೇಧದ ಕಾಯ್ದೆ ಬಂದು ಆಗ ನಾಲ್ಕು ವರ್ಷ ದಾಟಿತ್ತು. ಕೋಣ್ಯಾಗಿನ ಗಾಳಿ ಕೆಟ್ಟೈತಿ ಅಂತ ಹೇಳೋ ಸೆನ್ಸರ್ ಸಾಹೇಬ್ರಿಗೆ ಐತಿ, ಗುಂಡ್ಯಾಗಿನ ಗಾಳಿ ವಿಷ ಐತಿ ಅಂತ ಹೇಳೋ ಸೆನ್ಸರ್ ನಮ್ಮ ಹುಡುಗರಿಗೆ ಇಲ್ಲ. ಇದು ಯಾವ ಬುದ್ಧಿವಂತಿಕೆ?

ಕರೆಂಟಿನ ಲೆಕ್ಕ ನೋಡೋಣ. ಗದಗ, ಮುಂಡರಗಿ, ಶಿರಹಟ್ಟಿ ಮೂರೂ ತಾಲೂಕಿಗೆ ಹಬ್ಬಿದ ಕಪ್ಪತಗುಡ್ಡ ನಮ್ಮ ಹೆಮ್ಮೆ. ಅದರ ಮ್ಯಾಲೆ, ಸುತ್ತ ಗಾಳಿ ಪಂಕಾ ತಿರಗ್ತಾವ. ಗಾಳಿ ವಿದ್ಯುತ್ತಿಗೆ ಹೆಸರಾದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ನಮ್ಮ ಗುಡ್ಡದ ಗಾಳಿ ಕರೆಂಟ್ ಆಗಿ ದೂರದ ಏಸಿ ತಿರುಗಸತೈತಿ. ಆ ದೊಡ್ಡ ಪಂಕಾದ ಕೆಳಗಿನ ಊರಿನ ಕೇರ್ಯಾಗ ಒಂದು ಸಣ್ಣ ಪಂಕಾ ತಿರುಗಸಾಕ ಲೆಕ್ಕ ಹಾಕಬೇಕು.

2023ರಲ್ಲಿ ಗೃಹಜ್ಯೋತಿ ಬಂತು. 200 ಯುನಿಟ್ ಫ್ರೀ ಅಂದ್ರು. ಬಡವರಿಗೆ ಉಪಯೋಗ ಆಗೈತಿ, ಅದನ್ನ ಅಲ್ಲಗಳೆಯೋದಿಲ್ಲ. ಆದ್ರ ನಿಯಮ ಏನು? ಹಿಂದಿನ ವರ್ಷ ಸರಾಸರಿ ಎಷ್ಟು ಬಳಸಿದ್ರೋ ಅಷ್ಟು, ಮ್ಯಾಲೆ ಶೇ 10. ಅಂದ್ರ ತಿಂಗಳಿಗೆ 180 ಯುನಿಟ್ ಬಳಸೋ ಮನಿಗೆ 198 ಫ್ರೀ, 30 ಯುನಿಟ್ ಬಳಸೋ ಮನಿಗೆ 33 ಫ್ರೀ. 2024ರಲ್ಲಿ ಕಡಿಮೆ ಬಳಸೋರಿಗೆ ಶೇ 10ರ ಬದಲು 10 ಯುನಿಟ್ ಅಂತ ಮಾಡಿದ್ರು. 30 ಇದ್ದದ್ದು 40 ಆತು. ಹಳೇ ನಮೂನಿ 75 ವ್ಯಾಟಿನ ಫ್ಯಾನು ದಿನಕ್ಕ ಹತ್ತು ತಾಸು ತಿರುಗಿದ್ರ ತಿಂಗಳಿಗೆ ಇಪ್ಪತ್ತೆರಡೂವರಿ ಯುನಿಟ್. ಹೆಚ್ಚುವರಿ ಹತ್ತು ಯುನಿಟ್ಟಿನಾಗ ಅರ್ಧ ಫ್ಯಾನೂ ತಿರುಗೂದಿಲ್ಲ. ಬಿಎಲ್‌ಡಿಸಿ ಫ್ಯಾನು ಇದ್ರ ಅದೇ ಕೆಲಸ ಒಂಬತ್ತು ಯುನಿಟ್ಟಿನಾಗ ಆಗತೈತಿ, ಆದ್ರ ಅದರ ರೇಟು ಹೆಚ್ಚುಕಡಿಮಿ ಎರಡು ಪಟ್ಟು. ಬಡವ ಇಲ್ಲಿವರೆಗೂ ಸೆಖಿ ತಡಕೊಂಡು ಕರೆಂಟ್ ಉಳಿಸಿದ್ದಕ್ಕ ಸಿಕ್ಕ ಬಹುಮಾನ, ಕಡಿಮಿ ಫ್ರೀ. ಈ ದೇಶದಾಗ ಎಲ್ಲಕ್ಕಿಂತ ಹೆಚ್ಚು ಇಂಧನ ಉಳಿಸಿದವರು ನಾವೇ ರೀ, ಸರ್ಟಿಫಿಕೇಟ್ ಮಾತ್ರ ಗಾಜಿನ ಬಿಲ್ಡಿಂಗಿಗೆ.

2024ರ ಫೆಬ್ರುವರಿಯಲ್ಲಿ ಪಿಎಂ ಸೂರ್ಯಘರ್ ಬಂತು. ಮನೆ ಮೇಲೆ ಸೋಲಾರ್ ಹಾಕಿದರೆ 1 ಕಿಲೋವ್ಯಾಟಿಗೆ 30 ಸಾವಿರ, 2ಕ್ಕೆ 60 ಸಾವಿರ, 3ಕ್ಕೆ 78 ಸಾವಿರ ಸಬ್ಸಿಡಿ. ಉಳಿದದ್ದು ನಾವು ಹಾಕಬೇಕು. ಒಂದು ಕಿಲೋವ್ಯಾಟಿಗೆ ನೆರಳು ಬೀಳದ ಸುಮಾರು 100 ಚದರ ಅಡಿ ಚಾವಣಿ ಬೇಕು, ಚಾವಣಿ ನಮ್ಮದು ಅಂತ ಹೇಳಾಕ ಹಕ್ಕು ಬೇಕು. ಗಾಂವಠಾಣದಾಗಿನ ನಮ್ಮ ಮನಿ ಇನ್ನೂ ಸತ್ತ ಮುತ್ತ್ಯಾನ ಹೆಸರಿನ್ಯಾಗ ಅದಾವ, ಎಷ್ಟೋ ಮನಿಗೆ ಇ-ಸ್ವತ್ತು ಆಗಿಲ್ಲ. ದಾಖಲೆ ಇಲ್ಲ ಅಂದ್ರ ಬ್ಯಾಂಕ್ ಸಾಲನೂ ಇಲ್ಲ, ಸೂರ್ಯನೂ ಇಲ್ಲ.

ಕರೆಂಟಿನ ವಿಷಯ ನಿಮಗ್ಯಾಕ, ಮೀಸಲಾತಿ ಬಗ್ಗೆ ಬರೀರಿ ಅಂತ ಕೆಲವರು ಹೇಳ್ತಾರ. ಅವರಿಗೆ ಒಂದು ಇತಿಹಾಸ ನೆನಪಿಸ್ತೀನಿ. 1942ರಿಂದ 1946ರವರೆಗೆ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಬಾಬಾಸಾಹೇಬರು ಕಾರ್ಮಿಕ ಸದಸ್ಯರಾಗಿದ್ದರು. ವಿದ್ಯುತ್ ವಿಷಯವೂ ಅವರ ಕೈಯಲ್ಲೇ ಇತ್ತು. 1943ರಲ್ಲಿ ವಿದ್ಯುತ್ ಕುರಿತ ನೀತಿ ಸಮಿತಿಯ ಅಧ್ಯಕ್ಷತೆ ವಹಿಸಿ, ಬಡತನ ಹೋಗಬೇಕಾದರೆ ಕೈಗಾರಿಕೆ ಬೇಕು, ಕೈಗಾರಿಕೆಗೆ ಅಗ್ಗದ ಮತ್ತು ಸಾಕಷ್ಟು ವಿದ್ಯುತ್ ಬೇಕು ಅಂತ ವಾದಿಸಿದವರು ಅವರು. 1944ರಲ್ಲಿ ಕೇಂದ್ರ ತಾಂತ್ರಿಕ ವಿದ್ಯುತ್ ಮಂಡಳಿ ಬಂದಿದ್ದು ಅವರ ಕಾಲದಲ್ಲೇ. ಈ ದೇಶದ ಕರೆಂಟಿನ ನಕ್ಷೆ ಬರೆಯೋದರಲ್ಲಿ ಅವರ ಕೈ ಇದೆ. ಕರೆಂಟ್ ನಮ್ಮ ವಿಷಯ ಅಲ್ಲ ಅಂದ್ರ ಮತ್ಯಾರದು?

ನಮ್ಮವರಿಗೂ ಎರಡು ಮಾತು ಹೇಳಬೇಕು. ನಾವು ಭವನ ಕೇಳಿದ್ವಿ, ಭವನದ ಚಾವಣಿ ಹೆಂಗಿರಬೇಕು ಅಂತ ಕೇಳಲಿಲ್ಲ. ಊರ ಹೊರಗಿನ ಬರಡು ಜಾಗಕ್ಕ ಬಾಬಾಸಾಹೇಬರ ಹೆಸರಿಟ್ರ ಖುಷಿಯಿಂದ ಹಾರ ಹಾಕಿದ್ವಿ, ಆ ಜಾಗ ಅಲ್ಲೇ ಯಾಕ ಅಂತ ಕೇಳಲಿಲ್ಲ. ಮಹಾಯೋಜನೆ ಅಂದ್ರ ಮಾಸ್ಟರ್ ಪ್ಲ್ಯಾನಿನ ಕರಡು ಪ್ರಕಟ ಮಾಡಿ ಸಾರ್ವಜನಿಕರಿಂದ ಆಕ್ಷೇಪಣೆ ಕರೀಬೇಕು ಅಂತ ಕಾಯ್ದೆಯಲ್ಲೇ ಐತಿ. ಪ್ಲಾಟ್ ಮಾರೋ ಮಂದಿ ಭೂತಗನ್ನಡಿ ಹಿಡಕೊಂಡು ಆ ನಕ್ಷೆ ನೋಡ್ತಾರ. ನಾವು ಅವತ್ತು ಜಯಂತಿ ಡಿಜೆ ಎಷ್ಟಕ್ಕ ಅಂತ ಮಾತಾಡ್ತಿರ್ತೀವಿ. ನಾನೂ ಅದರಾಗ ಇದ್ದೆ, ಅದಕ್ಕ ಹೇಳಾಕ ನಾಚಿಕಿ ಇಲ್ಲ.

‘ಎಲ್ಲದರಾಗೂ ಜಾತಿ ತರ್ತೀರಿ, ಬಿಸಿಲಿಗೆ ಜಾತಿ ಐತೇನು?’ ಅಂತ ಕಮೆಂಟ್ ಬರತೈತಿ, ಗೊತ್ತು. ಬಿಸಿಲಿಗೆ ಜಾತಿ ಇಲ್ಲ. ನೆರಳಿಗೆ ಐತಿ. ‘ನಿಮಗೂ ಏಸಿ ಬೇಕಾ?’ ಅಂತ ಇನ್ನೊಬ್ಬರು ಕೇಳ್ತಾರ. ನಾವು ಕೇಳೋದು ಏಸಿ ಅಲ್ಲ, ಕಿಡಕಿ.

2010ರ ಮೇ ತಿಂಗಳ ಬಿಸಿಗಾಳಿಗೆ ಅಹಮದಾಬಾದಿನಲ್ಲಿ ಸಾವಿರಕ್ಕೂ ಹೆಚ್ಚು ಜನ ಹೆಚ್ಚುವರಿಯಾಗಿ ಸತ್ತರು. ಆಮೇಲೆ 2013ರಲ್ಲಿ ಆ ನಗರ ಬಿಸಿಗಾಳಿ ಯೋಜನೆ ಮಾಡಿತು, ಮುಂದೆ ಬಡವರ ಓಣಿಗಳ ಚಾವಣಿಗೆ ಬಿಳಿ ಸುಣ್ಣ ಬಳಿಸಿತು. ಬಿಳಿ ಚಾವಣಿ ಬಿಸಿಲನ್ನ ವಾಪಸ್ ಕಳಿಸುತ್ತದೆ, ಒಳಗೆ 2ರಿಂದ 5 ಡಿಗ್ರಿ ಕಡಿಮೆ ಆಗುತ್ತದೆ. ಪಕ್ಕದ ತೆಲಂಗಾಣ 2023ರಲ್ಲಿ ತಂಪು ಚಾವಣಿ ನೀತಿಯನ್ನೇ ತಂದಿತು. ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ 1974ರಿಂದ ಅಸ್ತ್ರ ಕೇಂದ್ರದವರು ಹಳ್ಳಿ ಮನೆಗಳಿಗೆ ಒತ್ತಿದ ಮಣ್ಣಿನ ಇಟ್ಟಿಗೆ ಮುಂತಾದವನ್ನ ರೂಪಿಸಿದ್ದಾರೆ. ಸ್ಲ್ಯಾಬಿನ ನಡುವೆ ಹಂಚು, ಮಡಕಿ ಇಟ್ಟು ಸಿಮೆಂಟೂ ಶಾಖವೂ ಕಡಿಮೆ ಮಾಡೋದನ್ನ ಲಾರಿ ಬೇಕರ್ ಕೇರಳದಲ್ಲಿ ಮಾಡಿ ತೋರಿಸಿ ಎಷ್ಟೋ ವರ್ಷ ಆತು. ಕಡಿಮೆ ಖರ್ಚಿನ ಇಂಥಾ ಕೆಲಸಕ್ಕಂತಲೇ ಹುಟ್ಟಿದ್ದು ನಿರ್ಮಿತಿ ಕೇಂದ್ರಗಳು. ತಿಳುವಳಿಕೆ ಇಲ್ಲ ಅಂತಲ್ಲ. ಅದು ಕೇರಿಗೆ ಬರೋ ದಾರಿ ಇಲ್ಲ.

ಅದಕ್ಕ ನಮ್ಮ ಬೇಡಿಕೆ ಇಷ್ಟು:

1. ಇಕೋ ನಿವಾಸ್ ಸಂಹಿತೆಯ 500 ಚದರ ಮೀಟರ್ ಮಿತಿಯನ್ನು ರಾಜ್ಯಗಳು, ಸ್ಥಳೀಯ ಸಂಸ್ಥೆಗಳು ಇಳಿಸಬಹುದು ಅಂತ ಆ ಸಂಹಿತೆಯೇ ಹೇಳುತ್ತದೆ. ಇಳಿಸ್ರಿ. ಆದ್ರ ಭಾರ ಬಡವನ ತಲಿ ಮ್ಯಾಲೆ ಹಾಕಬ್ಯಾಡ್ರಿ. ಸರ್ಕಾರದ ಹಣದಾಗ ಏಳೋ ಪ್ರತಿ ಮನಿಗೂ ತಂಪು ಚಾವಣಿ, ಎದುರುಬದುರು ಗಾಳಿ ಆಡೋ ಎರಡು ಕಿಡಕಿ ಕಡ್ಡಾಯ ಆಗಲಿ, ಅದರ ಖರ್ಚು ಸಹಾಯಧನದಾಗ ಸೇರಲಿ.

2. ಈಗಾಗಲೇ ಇರೋ ಸ್ಲ್ಯಾಬ್, ಪತ್ರಾಸ್ ಮನಿಗೆ ಪ್ರತಿ ವರ್ಷ ಮಾರ್ಚ್ ಒಳಗ ಬಿಳಿ ಬಣ್ಣ. ಸಣ್ಣ ಮನಿಗೆ ಒಂದೆರಡು ಸಾವಿರದೊಳಗ ಆಗೋ ಕೆಲಸ. ದುಡ್ಡಿಲ್ಲ ಅನ್ನಬ್ಯಾಡ್ರಿ. ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ 2013ರಿಂದ ಐತಿ. 2023-24ರಾಗ ಅದರ 11 ಸಾವಿರ ಕೋಟಿಗೂ ಹೆಚ್ಚು ಹಣ ಗ್ಯಾರಂಟಿಗೆ ಹೋತು. ನಮ್ಮ ದುಡ್ಡಿನ್ಯಾಗ ನಮಗ ಸುಣ್ಣನೂ ಸಿಗಬಾರದೇನು?

3. ಗೃಹಜ್ಯೋತಿಯಲ್ಲಿ ಕಡಿಮೆ ಬಳಸೋ ಮನಿಗಳಿಗೆ ಬ್ಯಾಸಗಿ ತಿಂಗಳಾಗ ಎರಡು ಫ್ಯಾನ್ ತಿರುಗೋವಷ್ಟು ಯುನಿಟ್. ಜೊತೆಗೆ ಒಂದು ಬಿಎಲ್‌ಡಿಸಿ ಫ್ಯಾನು.

4. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಯಾವುದೇ ಊರಿನ ಯೋಜನೆ ಪರಿಷ್ಕರಣೆ ಆಗುವಾಗ ಕೇರಿ ಮತ್ತು ಆಶ್ರಯ ಬಡಾವಣೆಗೆ ಗಿಡ, ಖಾಲಿ ಜಾಗ, ನೀರಿನ ಲೆಕ್ಕ ಬ್ಯಾರೆ ತೋರಿಸಬೇಕು. ಕರಡು ನಕ್ಷೆ ಕೇರಿ ಸಮುದಾಯ ಭವನದಾಗ ಕನ್ನಡದಾಗ ಹಚ್ಚಬೇಕು.

5. ಗಾಂವಠಾಣ ಮನಿಗಳಿಗೆ ಹಕ್ಕುಪತ್ರ, ಹೆಣ್ಮಕ್ಕಳ ಹೆಸರಿಗೆ.

ಶಿರಹಟ್ಟಿ ಮೀಸಲು ಕ್ಷೇತ್ರ. ಮತ ಕೇಳಾಕ ಯಾವ ಪಕ್ಷದವರೇ ಬರಲಿ, ಚಹಾ ಕುಡಿಸ್ರಿ, ಮಧ್ಯಾಹ್ನ ಮೂರಕ್ಕ ಆ ಸ್ಲ್ಯಾಬಿನ ಕೆಳಗ ಅರ್ಧ ತಾಸು ಕುಂದ್ರಸ್ರಿ. ಭಾಷಣ ಬ್ಯಾಡ. ಚಾವಣಿನೇ ಮಾತಾಡತೈತಿ.

ಹೋದ ಬ್ಯಾಸಗ್ಯಾಗ ನಾನು, ನಮ್ಮ ಓಣಿ ಇಬ್ಬರು ಹುಡುಗರು ಹೋಗಿ ಅಕ್ಕನ ಮನಿ ಮ್ಯಾಲೆ ಸುಣ್ಣ ಬಳದು ಬಂದ್ವಿ. ಮರುದಿನ ಅಕ್ಕ ಫೋನ್ ಮಾಡಿ, “ತಮ್ಮಾ, ರಾತ್ರಿ ಬಾಗಲಾ ಹಾಕ್ಕೊಂಡು ಮಲಗಿದ್ವೊ” ಅಂದ್ಲು. ಬಾಗಲಾ ಹಾಕ್ಕೊಂಡು ಮಲಗೋದು ಅಂದ್ರ ಒಬ್ಬ ಹೆಣ್ಮಗಳಿಗೆ ಏನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮಳಿಗಾಲಕ್ಕ ಆ ಸುಣ್ಣ ತೊಳಕೊಂಡು ಹೋತು. ಈ ಸಲ ಮತ್ತ ಬಳೀತೀವಿ. ನಾವು ಬಳೀತೀವಿ ಅಂತ ಸರ್ಕಾರದ ಜವಾಬ್ದಾರಿ ತೊಳಕೊಂಡು ಹೋಗೂದಿಲ್ಲ.

ನಿಮ್ಮ ಓಣ್ಯಾಗ ಎಷ್ಟು ಮನಿಗೆ ಎರಡು ಕಿಡಕಿ ಅದಾವ, ಎಣಿಸಿ ಕಮೆಂಟ್‌ನಾಗ ಹಾಕ್ರಿ. ಆ ಲೆಕ್ಕ ಹಿಡಕೊಂಡೇ ಮನವಿ ಕೊಡೋಣ.

ಜೈ ಭೀಮ್.